ಸ್ಟಾಕ್‌ಹೋಮಿನಲ್ಲಿ ಎಂಟು ದಿನ

ನಾವು ದಂಪತಿಗಳು 2024ರ ಜೂನ್ ತಿಂಗಳಲ್ಲಿ ಸ್ವೀಡನ್ ದೇಶದ ರಾಜಧಾನಿಯಾದ ಸ್ಟಾಕ್‌ಹೋಮಿಗೆ ಹೋಗಿ ಬಂದ ವಿಷಯ ಬಂಧುಗಳಿಗೂ ಶಿಷ್ಯರಲ್ಲಿ ಅನೇಕರಿಗೂ ತಿಳಿದಿದೆ. “ಸಾರ್, ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ ಬಂದರೂ ನಾಲ್ಕು ಪುಟ ಬರೆಯುವವರು ನೀವು. ಅಷ್ಟು ದೂರ ಹೋಗಿ ಬಂದು ನಾಲ್ಕು ಸಾಲೂ ಬರೆಯಲಿಲ್ಲವಲ್ಲ?” ಎಂದು ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮದುವೆಮನೆಯಲ್ಲಿ ಎಲ್ಲರೆದುರು ಆಕ್ಷೇಪಿಸಿದ. ಆಕ್ಷೇಪಣೆ ನ್ಯಾಯವಾದದ್ದೇ. ಬರೆಯಲು ಕುಳಿತಾಗಲೆಲ್ಲ ಪ್ರವಾಸದ ವಿವರ ಒಂದು ಕಡೆಗೂ ಮನಸ್ಸು ಇನ್ನೊಂದು ಕಡೆಗೂ ಹೋಗುತ್ತಿತ್ತು. ಈಗ ಎರಡನ್ನೂ ಒಟ್ಟಿಗೇ ಬರೆದುಬಿಡುವುದೆಂದು ನಿಶ್ಚಯಿಸಿದ್ದೇನೆ.

ಆ ಊರಿಗೇ ಏಕೆ ಹೋದಿರಿ ಎಂದು ಕೇಳಿದವರು ಬಹಳ ಮಂದಿ. ಲಂಡನ್, ಪ್ಯಾರಿಸ್ ಎಂದರೆ ಜನಕ್ಕೆ ಅರ್ಥವಾಗುತ್ತದೆ. ಕಾರಣ ನಮ್ಮ ಹಿರಿಯ ಮಗ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿದ್ದ ಅವನನ್ನು 2010ರ ಅಕ್ಟೋಬರಿನಲ್ಲಿ ಒಂಬತ್ತು ತಿಂಗಳ ಮಟ್ಟಿಗೆ ಅಲ್ಲಿಗೆ ಕಳುಹಿಸಿದ್ದರು. ಪ್ರತಿ ಭಾನುವಾರ ತಪ್ಪದೆ ಮಿಂಚಂಚೆ ಬರೆಯುತ್ತಿದ್ದ. ಅದೂ ‘ಬರಹ’ ತಂತ್ರಾಂಶದಲ್ಲಿ ಟೈಪಿಸಿ, ಅಚ್ಚಗನ್ನಡದಲ್ಲಿ. ನಾನು ಅವನ್ನು ಮುದ್ರಿಸಿ ಒಂದು ಫೈಲಿನಲ್ಲಿ ಇಟ್ಟಿದ್ದೆ. ಈ ಪುಟವನ್ನು ನನಗೆ ತೆರೆದುಕೊಟ್ಟು, ಒತ್ತಕ್ಷರ ಮೂಡಿಸುವ ಬಗೆಯನ್ನು ತಾಳ್ಮೆಯಿಂದ ಕಲಿಸಿದವನೂ ಅವನೇ. 2014ರ ಫೆಬ್ರವರಿಯಲ್ಲಿ ಹೊಸೂರು ರಸ್ತೆಯ ಅಪಘಾತದಲ್ಲಿ ಅವನು ತೀರಿಕೊಂಡದ್ದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಆಗ ಅವನಿಗೆ 29 ವರ್ಷ.

ಆ ಪತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತಿತ್ತು: “ಅಪ್ಪಾ, ಒಂದು ಬೇಸಿಗೆಯಲ್ಲಿ ನಿಮ್ಮನ್ನೂ ಅಮ್ಮನನ್ನೂ ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ಚಳಿಗಾಲದಲ್ಲಿ ಬೇಡ, ಮೂರು ಗಂಟೆಗೇ ಕತ್ತಲಾಗುತ್ತದೆ.” ಹತ್ತು ವರ್ಷ ಆ ಫೈಲನ್ನು ನಾವಿಬ್ಬರೂ ಮುಟ್ಟಲಿಲ್ಲ. 2024ರ ಸಂಕ್ರಾಂತಿಯ ಮರುದಿನ ಬೀರು ಒಪ್ಪಮಾಡುತ್ತಿದ್ದಾಗ ನನ್ನ ಶ್ರೀಮತಿ ಅದನ್ನು ತೆಗೆದು, ಮಧ್ಯಾಹ್ನವೆಲ್ಲ ಓದಿ, ಸಂಜೆ ಕಾಫಿ ಕೊಡುತ್ತಾ, “ರೀ, ಅವನು ಕರ್ಕೊಂಡ್ ಹೋಗ್ತೀನಿ ಅಂದಿದ್ನಲ್ಲ, ನಾವೇ ಹೋಗಿ ಬರೋಣ” ಎಂದಳು. ನಾನು ವಾದಿಸಲಿಲ್ಲ. ಮಗಳು ಮೈಸೂರಿನಿಂದಲೇ ಟಿಕೆಟ್ಟು, ಉಳಿಯಲು ಅಡಿಗೆಮನೆಯಿರುವ ಒಂದು ಪುಟ್ಟ ಬಾಡಿಗೆ ಮನೆ, ವಿಮೆ ಎಲ್ಲವನ್ನೂ ಗೊತ್ತುಮಾಡಿದಳು. ವೀಸಾ ಅರ್ಜಿಯ ಕತೆ ಎಲ್ಲರಿಗೂ ಗೊತ್ತಿರುವುದೇ. ಮೂರು ತಿಂಗಳ ಬ್ಯಾಂಕ್ ಪುಸ್ತಕ, ಪಿಂಚಣಿ ಆದೇಶದ ಪ್ರತಿ, ಹತ್ತೂ ಬೆರಳಿನ ಗುರುತು.

ನಮ್ಮ ಬೇಸಿಗೆ ಬೇರೆ, ಅವರ ಬೇಸಿಗೆ ಬೇರೆ ಎಂಬುದನ್ನು ಭೂಗೋಳ ಪಾಠ ಮಾಡಿದವನಾಗಿ ಮೊದಲೇ ಹೇಳಬೇಕು. ಆ ವರ್ಷ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರವೆದ್ದು ಬೇಗೂರಿನ ನಮ್ಮ ಬೀದಿಯಲ್ಲೂ ಟ್ಯಾಂಕರುಗಳ ಸಾಲು ನಿಂತಿತ್ತು. ಜೂನ್ 2ರಂದು ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿದು ಅದೇ ಬೀದಿ ಹಳ್ಳವಾಯಿತು. ನಾವು ಹೊರಟಾಗ ಇಲ್ಲಿ ಮುಂಗಾರು ಹಿಡಿದಿತ್ತು. ನಡುವೆ ಒಂದು ಕಡೆ ವಿಮಾನ ಬದಲಿಸಿ ಅಲ್ಲಿಗೆ ಇಳಿದಾಗ ಬಿಸಿಲು ಫಳಫಳನೆ ಹೊಳೆಯುತ್ತಿದ್ದರೂ ಗಾಳಿ ನಮ್ಮ ಡಿಸೆಂಬರಿನದು. ಶ್ರೀಮತಿ ಸ್ವೆಟರ್ ತೆಗೆಯಲೇ ಇಲ್ಲ. ಅಲ್ಲಿನವರು ಮಾತ್ರ ಕಂಡ ಕಂಡ ಹುಲ್ಲಿನ ಮೇಲೆ ಒಣಗಲು ಹಾಕಿದ ಹಪ್ಪಳದಂತೆ ಮೈಚೆಲ್ಲಿ ಬಿಸಿಲು ಕಾಯಿಸುತ್ತಿದ್ದರು.

ಮೂವತ್ತಕ್ಕೂ ಹೆಚ್ಚು ವರ್ಷ ಗೋಳವನ್ನೂ ಒಂದು ಮೇಜಿನ ದೀಪವನ್ನೂ ಇಟ್ಟುಕೊಂಡು ಭೂಮಿಯ ಅಕ್ಷ 23½ ಡಿಗ್ರಿ ವಾಲಿರುವುದನ್ನು ತೋರಿಸಿದವನು ನಾನು. ಅದರ ಪರಿಣಾಮವನ್ನು ಸ್ವಂತ ಕಣ್ಣಿನಿಂದ ಕಂಡದ್ದು 66ನೆಯ ವಯಸ್ಸಿನಲ್ಲಿ. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದ ಆಚೆ. ನಡುರಾತ್ರಿಯ ಸೂರ್ಯ ಅಲ್ಲಿ ಕಾಣುವುದಿಲ್ಲ. ಅದಕ್ಕೆ 66½ ಡಿಗ್ರಿಯ ಆರ್ಕ್‌ಟಿಕ್ ವೃತ್ತವನ್ನು ದಾಟಿ ಹೋಗಬೇಕು. ಆದರೆ ಜೂನ್ ತಿಂಗಳ ಕೊನೆಯ ವಾರದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ನಂತರ, ಹುಟ್ಟುವುದು ಬೆಳಗಿನ ಜಾವ ಮೂರೂವರೆಗೆ. ನಡುವಿನ ಹೊತ್ತಿನಲ್ಲೂ ಅವನು ದಿಗಂತದಿಂದ ಏಳೆಂಟು ಡಿಗ್ರಿಗಿಂತ ಕೆಳಗಿಳಿಯುವುದಿಲ್ಲವಾದ್ದರಿಂದ ಆಕಾಶ ಪೂರ್ತಿ ಕಪ್ಪಾಗುವುದೇ ಇಲ್ಲ. ನಮ್ಮ ಬೇಗೂರಿನಲ್ಲಿ ವರ್ಷದ ಅತಿ ದೀರ್ಘ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಇನ್ನೊಂದು ವಿಚಿತ್ರ ಗಮನಿಸಿದೆ. ನಮ್ಮಲ್ಲಿ ಏಪ್ರಿಲ್ 24ರ ಸುಮಾರಿಗೂ ಆಗಸ್ಟ್ 18ರ ಸುಮಾರಿಗೂ ನಡುಹಗಲಿನ ನೆರಳು ಪಾದದಡಿಗೆ ಸೇರಿಬಿಡುತ್ತದೆ. ಅಲ್ಲಿ ವರ್ಷದ ಅತಿ ಎತ್ತರದ ಸೂರ್ಯನಡಿಯಲ್ಲೂ ನನ್ನ ನೆರಳು ನನ್ನ ಎತ್ತರದ ಮುಕ್ಕಾಲು ಪಾಲಿನಷ್ಟು ಉದ್ದ ಬಿದ್ದಿತ್ತು. ಹೆಜ್ಜೆಯಿಂದ ಅಳೆದು ನೋಡಿದೆ. ದಾರಿಹೋಕರೊಬ್ಬರು ಏನೋ ಕಳೆದುಕೊಂಡಿರಾ ಎಂದು ವಿಚಾರಿಸಿದರು.

ಮೊದಲೆರಡು ರಾತ್ರಿ ನಿದ್ರೆ ಬರಲಿಲ್ಲ. ದಪ್ಪ ಪರದೆಯ ಅಂಚಿನಿಂದ ಬೆಳಕು ನುಗ್ಗುತ್ತಿತ್ತು. ಎರಡನೆಯ ರಾತ್ರಿ ಒಂದು ಗಂಟೆಗೆ ಎದ್ದು ನೋಡಿದರೆ ಶ್ರೀಮತಿ ಕಿಟಕಿಯ ಬಳಿ ಕುಳಿತು, ದೀಪ ಹಾಕದೆಯೇ, ಮಗನ ಪತ್ರಗಳನ್ನು ಓದುತ್ತಿದ್ದಳು. ಓದುವಷ್ಟು ಬೆಳಕಿತ್ತು. ನಾಳೆಯಿಂದ ಇವನು ಬರೆದಿರುವ ಜಾಗಗಳನ್ನೇ ಒಂದೊಂದಾಗಿ ನೋಡೋಣ, ಪ್ರವಾಸದ ಪುಸ್ತಕ ಬದಿಗಿಡಿ ಎಂದಳು.

ಹಾಗೆ ಮೊದಲು ಹೋದದ್ದು ಹೋಟೊರ್ಯೆಟ್ ಎಂಬ ಚೌಕಕ್ಕೆ. ಹೆಸರಿನ ಅರ್ಥ ‘ಹುಲ್ಲಿನ ಪೇಟೆ’. ಒಂದು ಪಕ್ಕದಲ್ಲಿ 1926ರಲ್ಲಿ ತೆರೆದ, ನೀಲಿ ಬಣ್ಣದ ಸಂಗೀತ ಸಭಾಂಗಣ. ಅದರ ಎದುರಿಗೇ ಹಣ್ಣು, ತರಕಾರಿ, ಹೂವಿನ ಅಂಗಡಿಗಳು. ನೊಬೆಲ್ ಪ್ರಶಸ್ತಿ ಪ್ರದಾನ ನಡೆಯುವುದು ಈ ಸಭಾಂಗಣದಲ್ಲಿ. 1930ರ ಡಿಸೆಂಬರ್ 10ರಂದು ಸರ್ ಸಿ. ವಿ. ರಾಮನ್ ಭೌತಶಾಸ್ತ್ರದ ಬಹುಮಾನವನ್ನು ದೊರೆ ಐದನೆಯ ಗುಸ್ತಾವನ ಕೈಯಿಂದ ಪಡೆದದ್ದು ಇಲ್ಲೇ. ಪತ್ನಿ ಲೋಕಸುಂದರಿ ಅಮ್ಮಾಳ್ ಜೊತೆಗಿದ್ದರು. ಬಹುಮಾನ ಘೋಷಣೆಯಾಗುವ ಎಷ್ಟೋ ಮೊದಲೇ ರಾಮನ್ ಇಬ್ಬರಿಗೂ ಹಡಗಿನ ಟಿಕೆಟ್ ಕಾದಿರಿಸಿದ್ದರೆಂಬ ಕತೆಯನ್ನು ತರಗತಿಯಲ್ಲಿ ನೀವೆಲ್ಲ ನನ್ನ ಬಾಯಿಂದ ಕೇಳಿದ್ದೀರಿ. ಮೂರು ವರ್ಷದ ನಂತರ, 1933ರಲ್ಲಿ, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಕೊನೆಯವರೆಗೂ ಇಲ್ಲಿಯವರೇ ಆದರು. ಆರೇ ಗಂಟೆಯ ಹಗಲಿನ ಆ ಡಿಸೆಂಬರಿನಲ್ಲಿ, ಸೀರೆಯುಟ್ಟು, ಹಿಮದಲ್ಲಿ ಆ ತಾಯಿ ಹೇಗೆ ನಡೆದರೋ ಎಂದು ನನ್ನ ಶ್ರೀಮತಿ ಬಹಳ ಹೊತ್ತು ಮೆಟ್ಟಿಲುಗಳನ್ನೇ ನೋಡುತ್ತಿದ್ದಳು.

ಅವಳು ಅಲ್ಲಿಂದ ತಿರುಗಿದ್ದು ತರಕಾರಿಯ ಕಡೆಗೆ. “ರೀ, ಸಬ್ಬಸಿಗೆ ಸೊಪ್ಪು!” ಎಂದು ಕೂಗಿದಳು. ನಿಜವೇ. ಕಟ್ಟು ಕಟ್ಟಾಗಿ ಜೋಡಿಸಿಟ್ಟ ಸಬ್ಬಸಿಗೆ. ಮಗ ಬರೆದಿದ್ದ: “ಅಮ್ಮಾ, ಇಲ್ಲಿ ಎಲ್ಲ ಅಂಗಡಿಯಲ್ಲೂ ಸಬ್ಬಸಿಗೆ ಸಿಗುತ್ತದೆ. ಆದರೆ ಇವರಿಗೆ ಅಕ್ಕಿರೊಟ್ಟಿ ಗೊತ್ತಿಲ್ಲ, ಮೀನಿಗೂ ಆಲೂಗಡ್ಡೆಗೂ ಹಾಕಿ ಮುಗಿಸಿಬಿಡುತ್ತಾರೆ.” ನಮ್ಮ ನಾಡಿನಲ್ಲಿ ಬಾಣಂತಿಗೆ ಬಡಿಸುವ, ಮಳೆಗಾಲದ ಸಂಜೆ ರೊಟ್ಟಿಗೆ ಕಲಸುವ ಸೊಪ್ಪನ್ನು ಭೂಮಿಯ ಇನ್ನೊಂದು ತುದಿಯ ಜನರೂ ಇಷ್ಟೇ ಹಚ್ಚಿಕೊಂಡಿರುವುದು ಸೋಜಿಗ. ಏಲಕ್ಕಿಯದೂ ಇದೇ ಕತೆ. ಘಟ್ಟದ ನೆರಳಿನ ಈ ಸಾಂಬಾರಪದಾರ್ಥವನ್ನು ಸ್ವೀಡನ್ನಿನವರು ಸಿಹಿ ಬನ್ನಿಗೆ ಧಾರಾಳವಾಗಿ ಕುಟ್ಟಿ ಹಾಕುತ್ತಾರೆ. ಬೆಳಗ್ಗೆ ಬೇಕರಿಯ ಮುಂದೆ ಹಾದರೆ ನಮ್ಮ ಮನೆಯ ಹಬ್ಬದ ದಿನದ ಪಾಯಸದ ವಾಸನೆ. ಒಂದು ಬನ್ನು, ಒಂದು ಕಾಫಿ ಸೇರಿದರೆ ನಮ್ಮ ರೂಪಾಯಿಯ ಲೆಕ್ಕದಲ್ಲಿ ಆರುನೂರು ದಾಟುತ್ತದೆ. ಆ ಲೆಕ್ಕ ಹಾಕುವುದನ್ನು ಮೂರನೆಯ ದಿನ ಬಿಟ್ಟೆವು. ಊಟಕ್ಕೆ ಒಯ್ದಿದ್ದ ಚಟ್ನಿಪುಡಿ, ರಾಗಿ ಹುರಿಹಿಟ್ಟು, ಅವಲಕ್ಕಿ ಮಾನ ಉಳಿಸಿದವು. ಆ ರಾತ್ರಿ ಬಾಡಿಗೆ ಮನೆಯ ಒಲೆಯ ಮೇಲೆ, ತವೆಯಿಲ್ಲದೆ ಬಾಣಲೆಯಲ್ಲೇ, ಸಬ್ಬಸಿಗೆ ಅಕ್ಕಿರೊಟ್ಟಿಯಾಯಿತು.

ಹಣದ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಯೂರೋಪಿನಲ್ಲಿ ಮೊದಲು ಕಾಗದದ ನೋಟು ಹೊರಡಿಸಿದ್ದು 1661ರಲ್ಲಿ, ಇದೇ ಊರಿನ ಒಂದು ಬ್ಯಾಂಕು. ಜಗತ್ತಿನ ಅತ್ಯಂತ ಹಳೆಯ ಕೇಂದ್ರೀಯ ಬ್ಯಾಂಕೂ ಇಲ್ಲಿಯದೇ, ಸ್ಥಾಪನೆ 1668. ಅಂಥ ಊರಿನ ಅನೇಕ ಅಂಗಡಿಗಳಲ್ಲಿ ಇಂದು ನೋಟು ಮುಟ್ಟುವುದೇ ಇಲ್ಲ. ನಾನು ಜೋಪಾನವಾಗಿ ಒಳಜೇಬಿನಲ್ಲಿಟ್ಟು ಒಯ್ದಿದ್ದ ಕ್ರೋನಾ ನೋಟುಗಳಲ್ಲಿ ಅರ್ಧಕ್ಕರ್ಧ ಹಾಗೇ ಮರಳಿ ಬಂದವು. ನಮ್ಮ ಬೇಗೂರಿನ ಸೊಪ್ಪಿನ ಅಜ್ಜಿಯೂ ಈಗ ಫೋನಿನಲ್ಲೇ ಹಣ ಪಡೆಯುತ್ತಾಳೆ. ಆದರೆ ಹತ್ತರ ನೋಟು ಕೊಟ್ಟರೆ ಅವಳು ಬೇಡ ಎನ್ನುವುದಿಲ್ಲ. ಈ ವಿಷಯದಲ್ಲಿ ಅಜ್ಜಿಯ ನೀತಿಯೇ ನನಗೆ ಮೇಲೆನಿಸುತ್ತದೆ.

ನಗರದ ಚೆಲುವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಚಿತ್ರಗಳನ್ನು ನೀವು ನೋಡಿಯೇ ಇರುತ್ತೀರಿ. ಮೆಲಾರೆನ್ ಸರೋವರ ಬಾಲ್ಟಿಕ್ ಸಮುದ್ರವನ್ನು ಕೂಡುವಲ್ಲಿ, 14 ನಡುಗಡ್ಡೆಗಳ ಮೇಲೆ ಹರಡಿದ ಊರು. ಕುಡಿಯುವ ನೀರು ಅದೇ ಸರೋವರದ್ದು. ನಡುಪೇಟೆಯಲ್ಲೇ ಹುಡುಗರು ಅದರಲ್ಲಿ ಧುಮುಕಿ ಈಜುತ್ತಾರೆ. ಬೇಗೂರು ಕೆರೆಯ ಏರಿಯ ಮೇಲೆ ಪ್ರತಿ ಸಂಜೆ ಮೂಗು ಮುಚ್ಚಿಕೊಂಡು ನಡೆಯುವ ನಮಗೆ ಇದನ್ನು ನೋಡಿ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ನೆಲದಡಿಯ ರೈಲು 1950ರಿಂದ ಓಡುತ್ತಿದೆ. ಹಲವು ನಿಲ್ದಾಣಗಳು ಬಂಡೆ ಕೊರೆದ ಗುಹೆಗಳು. ನಡುನಿಲ್ದಾಣದ ನೀಲಿ ಮಾರ್ಗದಲ್ಲಿ ಆ ಗುಹೆಯನ್ನು ಕೊರೆದ ಕೂಲಿಯವರ ನೆರಳುಚಿತ್ರಗಳನ್ನೇ ಛಾವಣಿಗೆ ಬರೆದಿದ್ದಾರೆ. ನಮ್ಮ ಕಡೆಯ ಹಳದಿ ಮಾರ್ಗ ಆಗಿನ್ನೂ ತೆರೆದಿರಲಿಲ್ಲ, 2025ರ ಆಗಸ್ಟ್ 10ರಂದು ತೆರೆಯಿತು. ಬೊಮ್ಮನಹಳ್ಳಿಯಲ್ಲಿ ಹತ್ತಿದಾಗಲೆಲ್ಲ ಆ ನೆರಳುಚಿತ್ರಗಳು ನೆನಪಾಗುತ್ತವೆ. ನಮ್ಮ ಕಂಬಗಳನ್ನೆಬ್ಬಿಸಿದ ಕೂಲಿಯವರ ಚಿತ್ರವನ್ನೂ ಎಲ್ಲಾದರೂ ಬರೆಯಬಾರದೇ?

ಜೂನ್ 21ರ ಶುಕ್ರವಾರ ‘ನಡುಬೇಸಿಗೆ’ಯ ಮುನ್ನಾದಿನ, ಅವರಿಗೆ ಯುಗಾದಿ, ದೀಪಾವಳಿ ಎರಡೂ ಅದೇ. ಬೆಳಗ್ಗೆ ಬೀದಿಗಿಳಿದರೆ ಊರಿಗೆ ಊರೇ ಬಂದ್. ಜನರೆಲ್ಲ ಹಳ್ಳಿಗಳಿಗೆ ಹೊರಟುಹೋಗಿದ್ದರು. ನಾವು ಸ್ಕಾನ್ಸೆನ್‌ಗೆ ಹೋದೆವು. 1891ರಲ್ಲಿ ಆರ್ಟುರ್ ಹಾಜೆಲಿಯಸ್ ಎಂಬಾತ ದೇಶದ ನಾನಾ ಭಾಗಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿಸಿ ಮಾಡಿದ ಬಯಲು ವಸ್ತುಸಂಗ್ರಹಾಲಯವದು. ನಮ್ಮ ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಇದೇ ಜಾತಿಯದು. ಹಸಿರೆಲೆ, ಹೂ ಸುತ್ತಿದ ಎತ್ತರದ ಕಂಬವೊಂದನ್ನು ನೆಟ್ಟು, ಅದರ ಸುತ್ತ ಮಕ್ಕಳು ಮುದುಕರೆನ್ನದೆ ಕೈಹಿಡಿದು ಕುಣಿದರು. ಕಪ್ಪೆಗಳಂತೆ ಕುಪ್ಪಳಿಸುವ ಒಂದು ಹಾಡೂ ಇದೆ. ಎದುರಿಗಿದ್ದ ಬಿಳಿಕೂದಲಿನ ಅಜ್ಜಿಯೊಬ್ಬಳು ನನ್ನ ಶ್ರೀಮತಿಯ ಕೈಹಿಡಿದು ವೃತ್ತದೊಳಕ್ಕೆ ಎಳೆದೇಬಿಟ್ಟಳು. ಹತ್ತು ವರ್ಷದಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಮಂಡಿನೋವು ಮರುದಿನ ಬೆಳಗ್ಗೆ ಲೆಕ್ಕ ಕೇಳಿತು.

ಶಿಕ್ಷಕರಾದ ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಅಲ್ಲಿಗೆ ಹೋದರೆ ವಾಸಾ ಹಡಗನ್ನು ಮಾತ್ರ ತಪ್ಪಿಸಬೇಡಿ. ದೊರೆ ಎರಡನೆಯ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ, 64 ಫಿರಂಗಿಗಳ ಯುದ್ಧನೌಕೆ. ನಮ್ಮ ಬಿಜಾಪುರದಲ್ಲಿ ಗೋಳಗುಮ್ಮಟದ ಕೆಲಸ ನಡೆಯುತ್ತಿದ್ದ ಕಾಲಕ್ಕೇ ಅದರ ನಿರ್ಮಾಣವೂ ನಡೆದಿತ್ತು. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟು, ಒಂದೂವರೆ ಕಿಲೋಮೀಟರ್ ಕೂಡ ಸಾಗದೆ, ಊರಿನವರ ಕಣ್ಣೆದುರೇ ಗಾಳಿಗೆ ವಾಲಿ, ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿ ಮುಳುಗಿತು. ಹಡಗು ಅಗಲ ಕಡಿಮೆ, ಮೇಲುಭಾರ ಜಾಸ್ತಿ. ಇದು ಮೊದಲೇ ಗೊತ್ತಾಗಿತ್ತು ಎಂಬುದೇ ಪಾಠ. ಹೊರಡುವ ಮುನ್ನ ಮೂವತ್ತು ಜನರನ್ನು ಅಟ್ಟದ ಮೇಲೆ ಈ ಬದಿಯಿಂದ ಆ ಬದಿಗೆ ಓಡಿಸಿ ಪರೀಕ್ಷಿಸಿದಾಗ ಹಡಗು ಭಯಂಕರವಾಗಿ ಓಲಾಡಿತಂತೆ. ನೌಕಾಧಿಪತಿ ಪರೀಕ್ಷೆಯನ್ನೇ ನಿಲ್ಲಿಸಿದ. ದೊರೆ ದೂರದ ಯುದ್ಧದಲ್ಲಿದ್ದ, ಬೇಗ ಕಳುಹಿಸಿ ಎಂಬ ಆಜ್ಞೆ ಬಂದಿತ್ತು, ಆಗದು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಮೇಲಿನವರಿಗೆ ಹೆದರಿ ಕೆಟ್ಟ ಸುದ್ದಿಯನ್ನು ಹೇಳದಿರುವುದು ನಮ್ಮ ಇಲಾಖೆಗಳಲ್ಲೂ ಹೊಸತಲ್ಲ. ವಿಚಾರಣೆಯಾಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ.

ಬಾಲ್ಟಿಕ್‌ನಲ್ಲಿ ಉಪ್ಪು ಕಡಿಮೆಯಾದ್ದರಿಂದ ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕದು. ಹೀಗಾಗಿ 333 ವರ್ಷ ನೀರಿನಡಿಯಿದ್ದರೂ ಹಡಗು ಉಳಿಯಿತು. 1956ರಲ್ಲಿ ಆಂಡರ್ಸ್ ಫ್ರಾನ್ಸೆನ್ ಎಂಬವರು ಪತ್ತೆಮಾಡಿ, 1961ರ ಏಪ್ರಿಲ್ 24ರಂದು ಮೇಲೆತ್ತಿ, ಮರ ಸಿಬಿರಾಗದಂತೆ 17 ವರ್ಷ ರಾಸಾಯನಿಕ ಸಿಂಪಡಿಸಿ, 1990ರಲ್ಲಿ ಈ ಮಂದಿರ ತೆರೆದರು. ಹಡಗಿನೊಳಗೆ ಸಿಕ್ಕಿದವರ ಅಸ್ಥಿಗಳನ್ನೂ ಅಲ್ಲಿ ಇರಿಸಿದ್ದಾರೆ. ಆ ಕೋಣೆಗೆ ಶ್ರೀಮತಿ ಬರಲಿಲ್ಲ. ನಾನೂ ಬೇಗ ಹೊರಬಂದೆ.

ಇನ್ನು ಕಲ್ಲಿನ ವಿಷಯ. ಮಗನ 2011ರ ಮೇ ತಿಂಗಳ ಪತ್ರವೊಂದರಲ್ಲಿ ಎರಡು ಸಾಲಿದ್ದವು: “ಅಪ್ಪಾ, ಹಳೆಯ ಪಟ್ಟಣದ ಒಂದು ಮೂಲೆಯ ಗೋಡೆಯಲ್ಲಿ ನಮ್ಮ ಬೇಗೂರಿನ ಕಲ್ಲಿನಂಥದೇ ಒಂದು ಕಲ್ಲಿದೆ. ನೀವು ಬಂದಾಗ ಓದಿ ಹೇಳಬೇಕು.” ಬೇಗೂರಿನ ಕಲ್ಲು ಎಂದರೆ ಯಾವುದೆಂದು ನನ್ನ ತರಗತಿಯಲ್ಲಿ ಕುಳಿತವರಿಗೆ ಹೇಳಬೇಕಾಗಿಲ್ಲ. ಆದರೂ ಬಂಧುಗಳಿಗಾಗಿ ಹೇಳುತ್ತೇನೆ. ನಮ್ಮ ಪಂಚಲಿಂಗ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಗಂಗರ ಕಾಲದ, ಸುಮಾರು ಕ್ರಿ.ಶ. 890ರ ಶಾಸನವೊಂದಿದೆ. ‘ಬೆಂಗುಳೂರ ಕಾಳಗ’ದಲ್ಲಿ ಈ ಸೀಮೆಯ ನಾಗತ್ತರನ ಮಗ ಬುಟ್ಟಣ ಸೆಟ್ಟಿಯೂ ನಾಗತ್ತರನ ಮನೆಯ ಸೇವಕನೂ ಸತ್ತರೆಂದು ಹಳಗನ್ನಡದಲ್ಲಿ ಹೇಳುವ ಕಲ್ಲು. ಬೆಂಗಳೂರು ಎಂಬ ಹೆಸರಿಗೆ ಇದಕ್ಕಿಂತ ಹಳೆಯ ಆಧಾರ ಸಿಕ್ಕಿಲ್ಲ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕತೆಯ ಕಾಲಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನದು. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು, ಎರೆಯಪ್ಪರಸನ ಕಾಲದ ಯುದ್ಧದ ದೃಶ್ಯವಿರುವುದು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಗ ಚಿಕ್ಕವನಿದ್ದಾಗ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಎರಡನ್ನೂ ತೋರಿಸಿದ್ದೆ.

ಸ್ಟಾಕ್‌ಹೋಮ್ ಎಂಬ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು 1252ರಲ್ಲಿ. ನಮ್ಮೂರಿನ ಹೆಸರು ಅದಕ್ಕಿಂತ ಮೂರೂವರೆ ಶತಮಾನ ಹಿರಿದೆಂದು ಶ್ರೀಮತಿಗೆ ಹೇಳಿಕೊಂಡು ಹೆಮ್ಮೆಪಟ್ಟೆ. ಆದರೆ ಕಲ್ಲಿನಲ್ಲಿ ಕೊರೆದು ಸತ್ತವರನ್ನು ನೆನೆಯುವುದರಲ್ಲಿ ಆ ಸೀಮೆಯವರೂ ಕಡಿಮೆಯವರಲ್ಲ. ‘ರೂನ್’ ಎಂಬ 16 ಅಕ್ಷರಗಳ ಲಿಪಿಯಲ್ಲಿ, ಹೆಡೆಯೆತ್ತಿ ಸುತ್ತಿಕೊಂಡ ಹಾವಿನಂಥ ಪಟ್ಟಿಯೊಳಗೆ, ಇಂಥವರು ಇಂಥವರ ನೆನಪಿಗಾಗಿ ಈ ಕಲ್ಲನ್ನು ನಿಲ್ಲಿಸಿದರು ಎಂದು ಬರೆಯುವುದು ಅವರ ಪದ್ಧತಿ. ಹೆಚ್ಚಿನವು ಹನ್ನೊಂದನೆಯ ಶತಮಾನದವು. ಸ್ಟಾಕ್‌ಹೋಮಿನ ಉತ್ತರಕ್ಕಿರುವ ಉಪ್ಲಾಂಡ್ ಸೀಮೆಯೊಂದರಲ್ಲೇ ಸಾವಿರಕ್ಕೂ ಹೆಚ್ಚು. ನಮ್ಮ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ ಎಂದು ಚಿತ್ರವೇ ಮಾತನಾಡಿದರೆ, ಅಲ್ಲಿ ಅಕ್ಷರವೇ ಪ್ರಧಾನ. ಇನ್ನೊಂದು ವ್ಯತ್ಯಾಸವುಂಟು. ನಮ್ಮದರಲ್ಲಿ ಸತ್ತವನು ಮುಖ್ಯ, ಅಲ್ಲಿ ಕಲ್ಲು ನಿಲ್ಲಿಸಿದವರ ಹೆಸರು ಮೊದಲು. ದೂರದೇಶಕ್ಕೆ ಹೋಗಿ ಮರಳದವರ ಕಲ್ಲುಗಳೂ ಬಹಳ. ಗ್ರಿಪ್ಸ್‌ಹೋಮ್ ಕೋಟೆಯ ಬಳಿಯ ಕಲ್ಲನ್ನು ತೋಲಾ ಎಂಬ ತಾಯಿ, ಪೂರ್ವದೇಶದ ದಂಡಯಾತ್ರೆಯಲ್ಲಿ ಸತ್ತ ಮಗ ಹರಾಲ್ಡನಿಗಾಗಿ ನಿಲ್ಲಿಸಿದಳಂತೆ. 1666ರಲ್ಲೇ ಈ ಕಲ್ಲುಗಳನ್ನು ಕೆಡಿಸಬಾರದೆಂದು ರಾಜಾಜ್ಞೆಯಾಯಿತು. ನಮ್ಮ ನಾಡಿನ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಿಗೆ ಕಾಯಬೇಕಾಯಿತು. ಆಮೇಲೂ ಎಷ್ಟೋ ಕಲ್ಲುಗಳು ಬಟ್ಟೆ ಒಗೆಯುವುದಕ್ಕೂ ಚರಂಡಿಗೆ ಹಾಸುವುದಕ್ಕೂ ಬಳಕೆಯಾದವು.

ಮಗ ಬರೆದ ಕಲ್ಲು ಸಿಕ್ಕಿತು. ಪ್ರೆಸ್ಟ್‌ಗಾಟನ್, ಕೋಕ್‌ಬ್ರಿಂಕೆನ್ ಎಂಬ ಎರಡು ಕಿರುಬೀದಿಗಳು ಕೂಡುವ ಮೂಲೆಯಲ್ಲಿ, ಮನೆಯ ಗೋಡೆಯ ಬುಡದಲ್ಲಿ, ಸಾಮಾನ್ಯ ಕಟ್ಟಡದ ಕಲ್ಲಿನಂತೆ ಸೇರಿಸಿಬಿಟ್ಟಿದ್ದಾರೆ. ಗಾಡಿಯ ಚಕ್ರ ತಗುಲಿ ಮೂಲೆ ಸವೆಯದಿರಲೆಂದು ಪಕ್ಕದಲ್ಲಿ ಹಳೆಯ ಫಿರಂಗಿಯ ನಳಿಗೆಯೊಂದನ್ನು ಊರಿದ್ದಾರೆ. ಊರು ಕಟ್ಟುವ ಕಾಲದಲ್ಲಿ ಕಲ್ಲಿಗೆ ಬರಗಾಲ, ಹಳೆಯ ಸ್ಮಾರಕವೋ ಮತ್ತೊಂದೋ ಯಾರು ನೋಡುತ್ತಾರೆ? ಪ್ರವಾಸಿಗಳು ಐಸ್‌ಕ್ರೀಂ ಹಿಡಿದು ಅದನ್ನು ಸವರಿಕೊಂಡೇ ಹೋಗುತ್ತಿದ್ದರು. ನಾನು ಮೊಬೈಲಿನಲ್ಲಿ ಅದರ ಪಾಠವನ್ನು ಹುಡುಕಿದೆ. ವಿದ್ವಾಂಸರ ಪಟ್ಟಿಯಲ್ಲಿ ಅದು ಉಪ್ಲಾಂಡ್ 53ನೆಯ ಶಾಸನ. ಓದಿ ಹೇಳಬೇಕಾದವನು ನಾನು, ಆದರೆ ಒಂದು ಕ್ಷಣ ಬಾಯಿ ಬರಲಿಲ್ಲ. ತೋರ್‌ಸ್ಟೆನ್ ಮತ್ತು ಫ್ರೇಗುನ್ ಎಂಬ ಇಬ್ಬರು, ಗಂಡ ಹೆಂಡತಿ, ತಮ್ಮ ಮಗನ ನೆನಪಿಗೆ ನಿಲ್ಲಿಸಿದ ಕಲ್ಲದು.

“ಮಗನ ಹೆಸರೇನು?” ಎಂದು ಶ್ರೀಮತಿ ಕೇಳಿದಳು.

“ಹೆಸರಿದ್ದ ಜಾಗ ಒಡೆದುಹೋಗಿದೆ. ಅದೊಂದು ಸಿಕ್ಕಿಲ್ಲ.”

“ಅಪ್ಪ ಅಮ್ಮನ ಹೆಸರು ಉಳಿದಿದೆ, ಅವನದ್ದೇ ಇಲ್ವಾ?”

ಇಲ್ಲ ಎಂದೆ. ಅವಳು ಬಗ್ಗಿ ಕಲ್ಲಿನ ಮೇಲೆ ಅಂಗೈಯಿಟ್ಟಳು. ಮಗ ಹೋದ ಮೇಲೆ ನಾವಿಬ್ಬರೂ ಅವನ ಹೆಸರನ್ನು ಒಬ್ಬರೆದುರು ಒಬ್ಬರು ಹೇಳುವುದು ತಾನಾಗಿ ನಿಂತುಹೋಗಿತ್ತು. ‘ಅವನು’ ಎಂದರೆ ಅವನೇ. ವರ್ಷಕ್ಕೊಮ್ಮೆ ಪುರೋಹಿತರು ಕೇಳಿದಾಗ ಮಾತ್ರ ನಾನು ಹೇಳುತ್ತಿದ್ದೆ, ಅವಳು ಒಳಗಿರುತ್ತಿದ್ದಳು. ಅಲ್ಲಿ, ಆ ಮೂಲೆಯಲ್ಲಿ ನಿಂತು, ಅವಳು ಅವನ ಹೆಸರನ್ನು ಪೂರ್ತಿಯಾಗಿ ಹೇಳಿದಳು. ಮನೆಯಲ್ಲಿ ಕರೆಯುತ್ತಿದ್ದ ಹೆಸರನ್ನಲ್ಲ, ಶಾಲೆಯ ಹಾಜರಿ ಪುಸ್ತಕದಲ್ಲಿದ್ದ ಹೆಸರನ್ನು. ಹಾಜರಿ ಕರೆದ ಹಾಗೆಯೇ ಕೇಳಿಸಿತು. ಆಮೇಲೆ ನಾವು ಎದುರಿನ ಮೆಟ್ಟಿಲ ಮೇಲೆ ಕುಳಿತು ಚೀಲದಲ್ಲಿದ್ದ ಏಲಕ್ಕಿ ಬನ್ನು ತಿಂದೆವು. ಅವನ ವಿಷಯವನ್ನೇ ಮಾತನಾಡಿದೆವು. ಏಳನೆಯ ತರಗತಿಯಲ್ಲಿ ಸೈಕಲ್ಲಿನಿಂದ ಬಿದ್ದು ಹಲ್ಲು ಮುರಿದುಕೊಂಡದ್ದು, ನನಗೆ ಹೆದರಿ ನಾಲ್ಕು ದಿನ ಬಾಯಿ ಮುಚ್ಚಿ ನಕ್ಕದ್ದು. ಹತ್ತರ ಸಂಜೆ ಬಿಸಿಲು ಆ ಕಿರುಬೀದಿಯ ಮೇಲಿನ ಕಿಟಕಿಗಳಲ್ಲಿ ಇನ್ನೂ ಇತ್ತು.

ಕೊನೆಯ ದಿನ ಚಾರಿತ್ರಿಕ ವಸ್ತುಸಂಗ್ರಹಾಲಯ ನೋಡಿದೆವು. ಇದು ಮಗನ ಪತ್ರದಲ್ಲಿರಲಿಲ್ಲ, ನಾವೇ ಹೋದದ್ದು. ಮೆಲಾರೆನ್ ಸರೋವರದ ಹೆಲ್ಗೊ ಎಂಬ ನಡುಗಡ್ಡೆಯಲ್ಲಿ 1956ರಲ್ಲಿ ಅಗೆದಾಗ ಸಿಕ್ಕಿದ ಬುದ್ಧನ ಪುಟ್ಟ ಕಂಚಿನ ಮೂರ್ತಿ ಅಲ್ಲಿದೆ. ಎತ್ತರ ಎಂಟೂವರೆ ಸೆಂಟಿಮೀಟರ್ ಆಸುಪಾಸು. ಆರನೆಯ ಶತಮಾನದಲ್ಲಿ ಭರತಖಂಡದ ವಾಯವ್ಯ ಮೂಲೆಯ ಸ್ವಾತ್ ಕಣಿವೆಯಲ್ಲಿ ಎರಕ ಹೊಯ್ದದ್ದೆಂದು ತಜ್ಞರ ನಿರ್ಣಯ. ಯಾರ ಗಂಟಿನಲ್ಲಿ, ಎಷ್ಟು ಕೈ ಬದಲಾಗಿ, ಯಾವ ನದಿಗಳ ಮೇಲೆ ಅಷ್ಟು ದೂರ ಬಂತೋ ಯಾರಿಗೂ ತಿಳಿಯದು. ಪದ್ಮದ ಮೇಲೆ ಕಣ್ಣು ಅರೆಮುಚ್ಚಿ ಕುಳಿತಿದ್ದಾನೆ. “ಇವನಿಗೆ ವೀಸಾ ಯಾರು ಕೊಟ್ರೋ?” ಎಂದಳು ಶ್ರೀಮತಿ.

ಊರಿಗೆ ಬಂದ ಮೇಲೆ ಜುಲೈನ ಒಂದು ಸೋಮವಾರ ನಾಗೇಶ್ವರನ ದರ್ಶನಕ್ಕೆ ಹೋದಾಗ, ಮೂವತ್ತೈದು ವರ್ಷದಿಂದ ಪ್ರದಕ್ಷಿಣೆ ಹಾಕುತ್ತಾ ಹಾದುಹೋಗಿದ್ದ ಶಾಸನದ ಬಳಿ ಅವಳು ಮೊದಲ ಬಾರಿಗೆ ನಿಂತಳು. ಗಂಗರ ಕಾಲದ ಅಕ್ಷರ ನಮ್ಮ ಇಂದಿನ ಅಕ್ಷರವಲ್ಲ. ಮುದ್ರಿತ ಪಾಠವನ್ನು ಕೈಯಲ್ಲಿ ಹಿಡಿದು ನಾನು ಒಂದೊಂದೇ ಅಕ್ಷರ ತೋರಿಸಿದೆ. ‘ಮಗ’ ಎಂಬುದು ಎಲ್ಲಿದೆ ಎಂದು ಕೇಳಿ ಅದನ್ನು ಗುರುತಿಟ್ಟುಕೊಂಡಳು. ನಾಗತ್ತರನ ಮಗನ ಹೆಸರು ಇಲ್ಲಿ ಸರಿಯಾಗಿ ಉಳಿದಿದೆ ಎಂಬುದು ಅವಳಿಗೆ ಬಹಳ ಸಮಾಧಾನ ತಂದಂತೆ ತೋರಿತು. ಈಗ ಬಂದ ನೆಂಟರಿಗೆಲ್ಲ ಆ ಕಲ್ಲನ್ನು ತೋರಿಸುವವಳು ಅವಳೇ. ನನ್ನ ಕೆಲಸ ಕಡಿಮೆಯಾಗಿದೆ.

ನೋಡಬೇಕೆನ್ನುವ ಶಿಷ್ಯರು ಮಕ್ಕಳನ್ನೂ ಕರೆದುಕೊಂಡು ಬನ್ನಿ, ಊಟ ನಮ್ಮಲ್ಲೇ. ಬರುವಾಗ ಒಂದು ಟಾರ್ಚ್ ತನ್ನಿ. ಬೆಳಕನ್ನು ನೇರವಾಗಿ ಬಿಡದೆ ಪಕ್ಕದಿಂದ ಓರೆಯಾಗಿ ಹಿಡಿದರೆ ಅಕ್ಷರಗಳು ಎದ್ದು ಕಾಣುತ್ತವೆ.